ಮೂರರಿಂದ ನಾಲ್ಕಕ್ಕೆ

"ನೀವು ಕಟ್ಟಿದ ಗೇರ್‌ಬಾಕ್ಸೇ ಕೈಕೊಟ್ಟಿದ್ದು. ಈ ಚೆಂದಕ್ಕೆ ಮೆಕ್ಯಾನಿಕ್ ಅಂತ ಬೋರ್ಡ್ ಬೇರೆ!"

ರೇಸ್ ಟ್ರ್ಯಾಕಿನಲ್ಲಿ, ಹೊಗೆಯಾಡುತ್ತಿದ್ದ ತನ್ನ ಕಾರಿನ ಪಕ್ಕ ನಿಂತು, ನೂರಾರು ಜನರೆದುರು ಅವಳು ಹಾಗೆ ಅಂದುಬಿಟ್ಟಳು. ಕಾರನ್ನು ಗ್ಯಾರೇಜಿಗೆ ಬಿಟ್ಟಿದ್ದವರು ಅಪ್ಪ. ಹಾಗಾಗಿ ಅವಳಿಗೂ ಆ ಮೆಕ್ಯಾನಿಕ್‌ಗೂ ಇದೇ ಮೊದಲ ಭೇಟಿ! ಅವನು ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತಾ ಅವಳ ಮುಖವನ್ನೇ ನೋಡಿದ. ಜನ ಅವನನ್ನು ಮೌನಿ ಅಂತ ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ನಿಜ ಏನೆಂದು ಅವಳಿಗೆ ಗೊತ್ತಿತ್ತು. ಮೂರನೇ ಗೇರಿನಿಂದ ನಾಲ್ಕಕ್ಕೆ ನೇರ ಎಳೆಯಬೇಕಾದ ಲಿವರನ್ನು ಆತುರಗೆಟ್ಟು, ಮುಷ್ಟಿ ಬಿಗಿದು, ಓರೆಯಾಗಿ ಎರಡಕ್ಕೆ ಎಳೆದಿದ್ದಳು. ಅಷ್ಟು ವೇಗದಲ್ಲಿ ಎರಡನೇ ಗೇರ್ ಬಿದ್ದರೆ ಎಂಜಿನ್ ಉಳಿಯುತ್ತದೆಯೇ? ಒಂದು ಕಾಲದ ಚಾಂಪಿಯನ್ ಆಗಿದ್ದ ಅಪ್ಪ ಓಡಿಬಂದು "ಏನಾಯ್ತು ಪುಟ್ಟಿ?" ಅಂದಾಗ ಬಾಯಿಗೆ ಬಂದದ್ದು ಆ ಸುಳ್ಳು.

ಮೂರು ವಾರದಲ್ಲಿ ಮೌನಿಯ ಗ್ಯಾರೇಜಿನಿಂದ ರೇಸ್ ಕಾರುಗಳು ಒಂದೊಂದಾಗಿ ಜಾಗ ಖಾಲಿ ಮಾಡಿದವು. ಉಳಿದದ್ದು ಅವಳದೊಂದೇ. ಹಾಳು ಮಾಡಿದವನೇ ಸರಿಮಾಡಲಿ ಎಂದು ಅಪ್ಪ ಹಟ ಹಿಡಿದಿದ್ದರು.

ದಿನಾ ಸಂಜೆ ಅವಳು ಅಲ್ಲಿಗೆ ಹೋಗುತ್ತಿದ್ದಳು. ಇವತ್ತು ಹೇಳಿಬಿಡಬೇಕು ಅಂತಲೇ ಹೋಗುವುದು... ಅವನು ತಲೆಯೆತ್ತದೆ "ಟೀ ಕುಡೀತೀರಾ?" ಅಂತ ಕೇಳುವುದು, ಇವಳು ಟೀ ಕುಡಿದು ವಾಪಸ್ಸಾಗುವುದು. ಒಂದು ಸಲ ಬೈದಾದರೂ ಬಿಟ್ಟಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ. ಸಾಲದ್ದಕ್ಕೆ ಇಂಥವನ ಮೇಲೇ ಮನಸ್ಸು ಹೋಗಿತ್ತು ನೋಡಿ, ನಾಚಿಕೆ ಎರಡು ಪಟ್ಟಾಯಿತು.

ಮತ್ತೆ ರೇಸಿನ ದಿನ ಬಂತು. ಸ್ಟಾರ್ಟ್ ಲೈನಿನಲ್ಲಿ ಅವನು ಕಿಟಕಿಗೆ ಬಗ್ಗಿದ.

"ಕ್ಲಚ್ ಒಮ್ಮೆಲೇ ಬಿಡ್ಬೇಡಿ, ಚಕ್ರ ಜಾರುತ್ತೆ. ಹಿಡಿತ ಸಿಕ್ಕಿದ್ಮೇಲೆ ಪೂರ್ತಿ ಬಿಡಿ." ತುಸು ತಡೆದು, "ಮೂರರಿಂದ ನಾಲ್ಕಕ್ಕೆ ಹೋಗುವಾಗ ಮುಷ್ಟಿ ಬಿಗೀಬೇಡಿ. ಅಂಗೈಯಲ್ಲಿ ನೇರ ಎಳೀರಿ. ಇನ್ನೊಂದ್ಸಲ ಎರಡಕ್ಕೆ ಬೀಳೋದು ಬೇಡ" ಅಂದ.

ಇವನಿಗೆ ಗೊತ್ತು... ಎಲ್ಲಾ ಗೊತ್ತು!

ಮುಖ ಮುಚ್ಚಿಕೊಳ್ಳೋಣವೆಂದರೆ ಕೈ ಸ್ಟೀರಿಂಗಿನ ಮೇಲಿದೆ. ಒಂದನೇ ಗೇರ್ ಹಾಕಿದಳು. ಎಂಜಿನ್ ಗುಟುರು ಹಾಕಿತು. ಹಸಿರು ದೀಪ ಬಂತು. ಅವನು ಹೇಳಿದಂತೆಯೇ ಕ್ಲಚ್ ಬಿಟ್ಟಳು; ಕಾರು ಚಂಗನೆ ನೆಗೆಯಿತು. ಎರಡು... ಮೂರು... ಬೆರಳು ಸಡಿಲಿಸಿ, ಅಂಗೈಯಿಂದ ಎಳೆದಳು. ನಾಲ್ಕು! ಪಕ್ಕದ ಕಾರು ಹಿಂದುಳಿಯಿತು.

ಗೆದ್ದು ಕಾರಿನಿಂದಿಳಿದ ಅವಳ ಹೆಗಲ ಮೇಲೆ ಅಪ್ಪ ಕೈಹಾಕಿ "ಭೇಷ್ ಪುಟ್ಟಿ" ಅಂದರು. ಮೈಕ್ ಹಿಡಿದ ನಿರೂಪಕ ನಗುತ್ತಾ ಕೇಳಿದ, "ಹೊಸ ಗೇರ್‌ಬಾಕ್ಸ್ ಜೋರಾಗಿದೆ ಮೇಡಂ. ಈ ಸಲ ಯಾರು ಕಟ್ಟಿದ್ದು?"

ದೂರದಲ್ಲಿ ಮೌನಿ ತಲೆ ತಗ್ಗಿಸಿಕೊಂಡು ಸ್ಪ್ಯಾನರ್‌ಗಳನ್ನು ಚೀಲಕ್ಕೆ ತುಂಬುತ್ತಿದ್ದ. ಈಗಲೂ ಬಾಯಿ ಬಿಡದಿದ್ದರೆ ತಾನು ಮನುಷ್ಯಳೇ ಅಲ್ಲ ಅನ್ನಿಸಿತು ಅವಳಿಗೆ.

"ಹೊಸದಲ್ಲ. ಅದೇ ಗೇರ್‌ಬಾಕ್ಸ್, ಕಟ್ಟಿದ್ದೂ ಅವರೇ. ಅವತ್ತು ನಾಲ್ಕರ ಬದಲು ಎರಡಕ್ಕೆ ಹಾಕಿ ಎಂಜಿನ್ ಒಡೆದವಳು ನಾನು. ಅಪ್ಪನ ಮುಂದೆ ಚಿಕ್ಕವಳಾಗ್ತೀನಿ ಅಂತ ಸುಳ್ಳು ಹೇಳ್ದೆ... ಅವರ ಹೆಸರು ಹಾಳು ಮಾಡ್ದೆ."

ಅಪ್ಪನ ಕೈ ಅವಳ ಹೆಗಲಿನಿಂದ ಜಾರಿತು. ಅವಳನ್ನು ನೋಡದೆ ನೇರ ನಡೆದು ಹೋಗಿ ಮೌನಿಯ ಎರಡೂ ಕೈ ಹಿಡಿದುಕೊಂಡರು.

ಜನ ಕರಗಿದ ಮೇಲೆ ಅವಳು ಅವನ ಎದುರು ಹೋಗಿ ನಿಂತಳು. ತಲೆ ಎತ್ತಲಾಗಲಿಲ್ಲ.

"ಯಾವಾಗ ಗೊತ್ತಾಯ್ತು?"

"ಎಂಜಿನ್ ಬಿಚ್ಚಿದ ದಿನಾನೇ. ವಾಲ್ವ್ ಎಲ್ಲಾ ಬಾಗಿತ್ತು. ಅದು ಅಷ್ಟು ವೇಗದಲ್ಲಿ ಕೆಳಗಿನ ಗೇರ್ ಬಿದ್ರೇನೇ ಆಗೋದು, ಗೇರ್‌ಬಾಕ್ಸ್ ತಪ್ಪಿಂದಲ್ಲ."

"ಕೋಪ ಬರ್ಲಿಲ್ವಾ?"

"ಬಂತು. ನಿಮ್ಮನ್ನ ಬೈಕೊಂಡೇ ಕಾರ್ ಕಟ್ಟಿದೆ." ಅವನು ಮೊದಲ ಸಲ ನಕ್ಕ. "ಸಂಜೆ ಆಗ್ತಿದ್ದ ಹಾಗೆ ಕೈ ತೊಳ್ಕೊಂಡು ಟೀಗೂ ಇಡ್ತಿದ್ದೆ. ನನಗೇ ನನ್ನ ಮೇಲೆ ನಾಚಿಕೆ."

ಅವಳ ಕಣ್ಣು ತುಂಬಿತು.

"ನಾಳೆ ಬರ್ಲಾ?"

"ಕಾರಿಗೇನೂ ಆಗಿಲ್ವಲ್ಲ."

"ಕಾರ್ ತರಲ್ಲ."