ಫ್ಯಾನ್ ಇಲ್ಲದ ಡಬ್ಬಿ

“ಡಬ್ಬಿ ಕೆಳಗಿಡೋ, ಪಂಡರಿ!”

ಇಡಲಿಲ್ಲ. ಓಡಿದೆ!

ಹುಮನಾಬಾದಿನ ಅಡತ್ ಬಜಾರು, ಕಾಳುಕಡಿ ದಲಾಲರ ಪೇಟೆ... ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ... ಕಡಲೆ ಚೀಲಗಳ ನಡುವೆ ಒಬ್ಬ ಮನುಷ್ಯ ನುಸುಳುವಷ್ಟೇ ಸಂದಿ. ನನ್ನ ಬಗಲಲ್ಲಿ ರೆಕ್ಸಿನ್ ಬ್ಯಾಗು. ಹಿಂದೆ ಮೂವರು. ಒಬ್ಬನ ಕೈಯಲ್ಲಿ ಸಲಾಕೆ, ಒಬ್ಬನ ಕೈಯಲ್ಲಿ ಚೀಲ ಎತ್ತುವ ಕೊಕ್ಕೆ. ಸಲಾಕೆಗೆ ನಾನು ಹೆದರುವುದಿಲ್ಲ. ಅದು ಮೂಳೆ ಮುರಿಯುತ್ತದೆ, ಅಷ್ಟೆ. ಕೊಕ್ಕೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಹೇಳಲು ಬರುವುದಿಲ್ಲ.

“ಏ ಭಾಯಿ, ಸಂಭಾಲ್ಕೆ!” ಹಮಾಲನೊಬ್ಬ ಕೂಗಿದ.

ಸಂಭಾಳಿಸಲು ಆಗಲಿಲ್ಲ. ಬಿದ್ದೆ. ಮೊಣಕೈ ತರಚಿತು. ಬ್ಯಾಗನ್ನು ಮಾತ್ರ ಎದೆಗೆ ಅವಚಿಕೊಂಡಿದ್ದೆ.

ಕೊಕ್ಕೆಯವನು ನನ್ನ ಕಾಲರ್ ಹಿಡಿದ.

ಒಂದು ನಿಮಿಷ ತಡೆಯಿರಿ... ನೀವು ಮನೆಗೆ ರೌಟರ್ ಬೇಕು, ಫ್ಯಾನ್ ಇಲ್ಲದ ಮಿನಿ ಪಿಸಿಯೇ ಬೇಕು ಅಂತ ಹುಡುಕಿಕೊಂಡು ಬಂದಿದ್ದೀರಿ. ಕೊಡುತ್ತೇನೆ. ಒಳ್ಳೆಯ ಮಾಲು. ಆದರೆ ಮೊದಲು ಇದನ್ನು ಕೇಳಿ, ಆಮೇಲೆ ಆರ್ಡರ್ ಕೊಡಿ. ಮೂರು ವರ್ಷದ ಹಿಂದಿನ ಮಾತು, ಎರಡು ಸಾವಿರದ ಆರು.

ನಾನು ಪಂಡರಿ. ಟೆಲಿಫೋನ್ ಲೈನ್‌ಮನ್ ಆಗಿ ಹನ್ನೆರಡು ವರ್ಷ ಕಂಬ ಹತ್ತಿದವನು. ಮೇಲಧಿಕಾರಿಯ ಕೆನ್ನೆಗೆ ಒಂದು ಬಾರಿಸಿ ಇಳಿದುಬಿಟ್ಟೆ. ಆಮೇಲೆ ಹುಮನಾಬಾದಿನಲ್ಲಿ ಈ ಅಂಗಡಿ. ಕಳೆದ ಸಿಗ್ನಲ್, ಕಳೆದ ಮೋಟಾರ್ ಸೈಕಲ್, ಕಳೆದ ಮನುಷ್ಯ... ಏನು ಹೇಳಿದರೂ ಹುಡುಕಿಕೊಡುತ್ತೇನೆ. ಕೊರಳಲ್ಲಿ ತುಳಸಿ ಮಾಲೆ. ಅದನ್ನು ಹಾಕಿದವನು ಮಾಂಸ ಮುಟ್ಟುವುದಿಲ್ಲ, ಕುಡಿಯುವುದಿಲ್ಲ. ಬಡಿದಾಟಕ್ಕೆ ಅಡ್ಡಿಯಿಲ್ಲ!

ರೂಪಾಲಿ ಬಸವಕಲ್ಯಾಣದಲ್ಲಿ ನಮ್ಮ ಗಲ್ಲಿಯವಳು. ಕೋಟೆ ಗೋಡೆಗೆ ಆತುಕೊಂಡ ಗಲ್ಲಿ. ಅವರ ಕೊರಳಲ್ಲಿ ಲಿಂಗ, ನಮ್ಮ ಗೋಡೆಯ ಮೇಲೆ ಪಂಢರಪುರದ ವಿಠ್ಠಲ. ಅವಳೆಂದರೆ ನನಗೆ ಜೀವ. ಹೇಳಲಿಲ್ಲ. ಅವಳ ಮದುವೆಯಲ್ಲಿ ಮೈಕ್ ಸೆಟ್ಟಿನ ವೈರ್ ಎಳೆದವನೂ ನಾನೇ. ನಗಬೇಡಿ.

ಗಂಡ ಸಂಜೀವಕುಮಾರ. ಮನೆ ಬಸವಕಲ್ಯಾಣದಲ್ಲೇ, ಕೆಲಸ ಹುಮನಾಬಾದಿನ ಹೊರಗೆ ಒಂದು ಕೆಮಿಕಲ್ ಫ್ಯಾಕ್ಟರಿಯ ಲ್ಯಾಬಿನಲ್ಲಿ. ದ್ವೇಷಿಸೋಣ ಎಂದರೂ ಆಗದಷ್ಟು ಒಳ್ಳೆಯವನು. ನನ್ನ ತೊಂದರೆಯೇ ಅದು.

ಆ ಮಾರ್ಚಿನಲ್ಲಿ ಅವನು ಅಂಗಡಿಗೆ ಬಂದ. ಮುಖದಲ್ಲಿ ಬಣ್ಣವಿರಲಿಲ್ಲ.

“ಪಂಡರಿ, ಆ ಅಡತ್ ಸಾಹುಕಾರ ಮಡೆಪ್ಪನ ಟ್ಯಾಂಕರ್ ಅದಾವಲಾ... ಫ್ಯಾಕ್ಟರಿ ಹೊಲಸು ನೀರು ಒಯ್ದು ಮುಡಬಿ ರೋಡಿನ ಹಳೇ ಕಲ್ಲಖಣಿಯಾಗ ಸುರವಾಕತ್ಯಾವ. ಆ ನೀರ ಕುಡದು ದನ ಸತ್ತಾವ.”

“ನಿನಗ ಹ್ಯಾಂಗ ಗೊತ್ತು?”

“ಹೋಗಿ ಫೋಟೋ ಹೊಡದೀನಿ. ಮಡೆಪ್ಪ ಧಮ್ಕಿ ಹಾಕಾಕತ್ತಾನ.”

“ಬಿಟ್ಟಬಿಡು ಮಾರಾಯ. ಮಗಳ ಮಾರಿ ನೋಡು.”

“ಆ ನೀರ ನನ್ನ ಕೈಯಾರೆ ಟೆಸ್ಟ್ ಮಾಡೀನಿ ಪಂಡರಿ. ಹ್ಯಾಂಗ ಬಿಡ್ಲಿ?”

ಅದಕ್ಕೇ ಬಂತು ಡಬ್ಬಿ! ಹೈದರಾಬಾದಿನಿಂದ ತರಿಸಿದೆ. ಊಟದ ಡಬ್ಬಿಯಷ್ಟು ಗಾತ್ರ. ಮನೆಯ ಎರಡು ಕಂಪ್ಯೂಟರಿಗೆ ಬ್ರಾಡ್‌ಬ್ಯಾಂಡ್ ಹಂಚುವುದು ಅದರ ಕೆಲಸ. ಒಂದು ಸಂಜೀವನದು, ಒಂದು ಮಗಳು ಪೂನಂದು. ದೊಡ್ಡ ಪಿಸಿಯನ್ನೇ ರೌಟರ್ ಮಾಡಿದರೆ ಅದರ ಫ್ಯಾನು ನಮ್ಮೂರ ಕೆಂಪು ಧೂಳು ಎಳೆದುಕೊಂಡು ಆರು ತಿಂಗಳಿಗೆ ಗೊಟಕ್. ಲೋಡ್ ಶೆಡ್ಡಿಂಗಿನಲ್ಲಿ ಬ್ಯಾಟರಿ ಅರ್ಧ ತಾಸಿಗೆ ಖಾಲಿ. ಇದಕ್ಕೆ ಫ್ಯಾನೇ ಇಲ್ಲ. ಸದ್ದಿಲ್ಲ. ಸಣ್ಣ ಬ್ಯಾಟರಿಯ ಮೇಲೆ ಐದು ತಾಸು ಓಡುತ್ತದೆ. ಗಿರಗಿರ ತಿರುಗುವ ಹಾರ್ಡ್ ಡಿಸ್ಕೂ ಇಲ್ಲ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕಾರ್ಡು, ಅಷ್ಟೆ. ಮೈಮೇಲೆ ಬಾಚಣಿಗೆ ಹಲ್ಲಿನಂಥ ಅಲ್ಯೂಮಿನಿಯಂ ಪಟ್ಟಿಗಳು. ಒಳಗಿನ ಬಿಸಿಯೆಲ್ಲ ಆ ಹಲ್ಲುಗಳಿಂದಲೇ ಹೊರಬೀಳಬೇಕು. ಹಾಗಾಗಿ ಗಾಳಿ ತಾಗುತ್ತಿರಬೇಕು.

ಅದರೊಳಗೆ ನಾನೊಂದು ಹಾಜರಿ ಪದ್ಧತಿ ಕೂಡಿಸಿದೆ. ಸಂಜೀವ ಫ್ಯಾಕ್ಟರಿಯ ಕಂಪ್ಯೂಟರಿನಿಂದ ತಾಸಿಗೊಮ್ಮೆ ಒಂದು ಬಟನ್ ಒತ್ತಬೇಕು. ಒತ್ತಿದರೆ ಮನೆಯ ಡಬ್ಬಿಗೆ ಗೊತ್ತಾಗುತ್ತದೆ, ಅವನು ಕ್ಷೇಮ. ಹಾಜರಿ ತಪ್ಪಿ ಅರ್ಧ ತಾಸಾಯಿತೋ... ಡಬ್ಬಿಗೆ ಕೇಬಲ್ ಹಾಕಿ ಕಟ್ಟಿದ ಹಳೇ ಮೊಬೈಲಿನಿಂದ ನನಗೆ ಮೆಸೇಜ್! ಎಲ್ಲಿ ಹುಡುಕಬೇಕು ಎಂಬುದೂ ಗೊತ್ತಿತ್ತು. ಮಡೆಪ್ಪ ಮನುಷ್ಯರನ್ನು ‘ಮಾತಾಡಿಸುವುದು’ ಅಡತ್ ಬಜಾರಿನ ತನ್ನ ಗೋದಾಮಿನಲ್ಲೇ.

“ನೀ ಅದಿ ಅಂದ್ರ ನನಗ ಧೈರ್ಯ,” ಎಂದ ಸಂಜೀವ.

ಭಾನುವಾರ ಡಬ್ಬಿ ಕೂಡಿಸಿ ಕೈ ತೊಳೆದುಕೊಂಡು ಬಂದೆ. ರೂಪಾಲಿ ಅದರ ಮುಂದೆ ನಿಂತಿದ್ದಳು. ಡಬ್ಬಿಯ ಮೇಲೊಂದು ಕವರು! ಗುಲಾಬಿ ದಾರ, ಬಿಳಿ ದಾರ, ಅಂಚಿಗೆ ಮಣಿ. ಕ್ರೋಶಾ ಕಡ್ಡಿಯಿಂದ ಒತ್ತಾಗಿ ಹೆಣೆದು, ಒಳಗೆ ಹಳೇ ಸೀರೆಯ ಅಸ್ತರು ಕೊಟ್ಟು ಹೊಲಿದದ್ದು. ಆ ಮನೆಯಲ್ಲಿ ಟಿವಿಗೆ ಕವರು, ಮಿಕ್ಸರಿಗೆ ಕವರು, ಫೋನಿಗೆ ಕವರು, ಹೊಲಿಗೆ ಮಷಿನ್ನಿಗೆ ಕವರು. ನಮ್ಮ ಕಡೆ ಹಾಗೇ. ಪ್ರೀತಿಯ ಸಾಮಾನನ್ನು ಬರಿಮೈಯಲ್ಲಿ ಇಡುವುದಿಲ್ಲ.

“ಹ್ಯಾಂಗ ಅದ? ಅವ್ರು ಅಳತಿ ಹೇಳಿದ್ರು. ಎರಡು ದಿನ ಕುಂತು ಹೆಣದೀನಿ.”

ನಾನು ಬಾಯಿ ತೆರೆದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ರಂಗೋಲಿ ಹಾಕಿ ನೋಡುತ್ತಿದ್ದಳಲ್ಲ, ಹಾಗೆ.

“ಚಂದ ಅದ,” ಎಂದೆ.

ಎರಡೇ ಮಾತು! ನಾಳೆ ಸಂಜೀವನಿಗೆ ಮೆಲ್ಲಗೆ ಹೇಳಿದರಾಯಿತು, ತೆಗೆಸಿಬಿಡುತ್ತಾನೆ ಅಂದುಕೊಂಡೆ. ಸೋಮವಾರ ಅವನು ಫೋನ್ ಮಾಡಿದಾಗ ಬೇರೆ ಮಾತು ಬಂತು. ಮಂಗಳವಾರ ಹೇಳೋಣ ಅಂದುಕೊಂಡೆ.

ಬುಧವಾರ ಬೆಳಿಗ್ಗೆ ರೂಪಾಲಿಯ ಫೋನು.

“ಪಂಡರಿ, ಅವ್ರು ನಿನ್ನಿ ಮನಿಗೇ ಬಂದಿಲ್ಲ...”

ನಾನು ಬಸವಕಲ್ಯಾಣ ಮುಟ್ಟಿದಾಗ ಅವಳು ಅಂಗಳದಲ್ಲಿ ನಿಂತು ಸಿಕ್ಕಸಿಕ್ಕವರಿಗೆ ಫೋನ್ ಮಾಡುತ್ತಿದ್ದಳು. ಒಳಗೆ ಹೋಗಿ ಕವರ್ ಎತ್ತಿದೆ. ಡಬ್ಬಿ ಬಂದ್ ಆಗಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ಬಟನ್ ಒತ್ತಿದೆ. ಸದ್ದಿಲ್ಲದೆ ಎದ್ದಿತು. ತನ್ನ ದಿನಚರಿಯಲ್ಲಿ ಎಲ್ಲ ಬರೆದಿಟ್ಟಿತ್ತು. ಮಂಗಳವಾರ ನಾಲ್ಕು ಗಂಟೆಗೆ ಸಂಜೀವನ ಹಾಜರಿ ಬಂದಿದೆ. ನಾಲ್ಕೂ ಇಪ್ಪತ್ತಕ್ಕೆ ಶಾಖ ಮಿತಿ ಮೀರಿ ಡಬ್ಬಿ ತಾನಾಗಿ ಬಂದ್. ಆ ಮಧ್ಯಾಹ್ನ ಎರಡರಿಂದ ಆರರವರೆಗೆ ಕರೆಂಟ್ ಇರಲಿಲ್ಲ, ತಲೆಯ ಮೇಲಿನ ಫ್ಯಾನೂ ನಿಂತಿತ್ತು, ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು... ಮೇಲೆ ಅಸ್ತರಿನ ಕವರು! ಒಮ್ಮೆ ಬಂದ್ ಆದರೆ ಕೈಯಿಂದ ಒತ್ತುವ ತನಕ ಅದು ಏಳುವುದಿಲ್ಲ.

ಐದರ ಹಾಜರಿ ತಪ್ಪಿದ್ದು ನೋಡಲು ಯಾರೂ ಎಚ್ಚರ ಇರಲಿಲ್ಲ.

ಕವರ್ ಮಡಚಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಅಷ್ಟರಲ್ಲಿ ಅಂಗಳದಿಂದ ರೂಪಾಲಿಯ ಕೂಗು ಕೇಳಿತು. ಆ ಕೂಗು ನಿಮಗೆ ಹೇಗೆ ಹೇಳಲಿ? ಕುರಿ ಕಾಯುವವನೊಬ್ಬ ಖಣಿಯ ನೀರಿನಲ್ಲಿ ಸಂಜೀವನನ್ನು ಕಂಡಿದ್ದ.

ಠಾಣೆಯಲ್ಲಿ ‘ಕಾಲು ಜಾರಿ ಬಿದ್ದಿದ್ದಾರೆ’ ಅಂದರು. ಸಂಜೀವ ಡಬ್ಬಿಗೆ ಕಳಿಸಿದ್ದ ಫೋಟೋಗಳನ್ನು ನಾನು ಸಿಡಿಗೆ ಇಳಿಸಿದ್ದೆ. ಫೋಟೋದಿಂದ ಟ್ಯಾಂಕರಿಗೆ ದಂಡ ಬೀಳುತ್ತದೆ, ಕೊಲೆ ಸಾಬೀತಾಗುವುದಿಲ್ಲ. ಅದಕ್ಕೆ ಮಡೆಪ್ಪನ ಬಾಯೇ ಬೇಕು. ಗುರುವಾರ ಮಧ್ಯಾಹ್ನ ಡಬ್ಬಿ ತಗೊಂಡು ಬಜಾರಿಗೆ ಹೋದೆ. ಅವನ ಗೋದಾಮಿನ ಮುಂದೆ ನಿಂತು ಕೂಗಿದೆ: “ಸಂಜೀವನ ಫೋಟೋ ಎಲ್ಲಾ ಇದರಾಗ ಅದಾವ ರೀ, ಸಾಹುಕಾರ!” ಕೂಗಿ ಓಡಿದೆ. ನೂರು ಜನ ಹಮಾಲರು ನೋಡುವ ಹಾಗೆ ಓಡಿದೆ. ಇಷ್ಟು ಜನರ ಮುಂದೆ ಹಿಡಿದೊಯ್ದವನನ್ನು ಯಾರೂ ಖಣಿಗೆ ಎಸೆಯುವುದಿಲ್ಲ.

ಓಡಿದ್ದೇ ಸಿಕ್ಕಿಬೀಳಲಿಕ್ಕೆ!

ಗೋದಾಮಿನ ಒಳಗೆ ಕತ್ತಲು. ಮಡೆಪ್ಪ ಕಡಲೆ ಚೀಲದ ಮೇಲೆ ಕೂತಿದ್ದ. ಬಿಳಿ ಸಫಾರಿ, ಬಾಯಲ್ಲಿ ಗುಟ್ಕಾ. ಪಕ್ಕದಲ್ಲಿ ಅವನ ಟ್ಯಾಂಕರ್ ಡ್ರೈವರ್ ಧನರಾಜ. ಧನರಾಜ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಮಡೆಪ್ಪ ಬ್ಯಾಗಿನ ಜಿಪ್ ಎಳೆದ. ಡಬ್ಬಿಯ ಮೇಲೆ ಕೈಯಿಟ್ಟ.

“ಬಿಸಿ ಅದಲ್ಲೋ!”

“ಏಪ್ರಿಲ್ ಅದರಿ, ಸಾಹುಕಾರ. ಓಡಿ ಬಂದೀನಿ. ನಾನೂ ಬಿಸಿ ಅದೀನಿ.”

ಅವನು ಕಿವಿಗೆ ಹಚ್ಚಿ ಕೇಳಿದ. ಗುಂಯ್ ಇಲ್ಲ, ಗಿರ್ ಇಲ್ಲ.

“ಬಂದ್ ಅದ,” ಅಂದ.

ಬಂದ್ ಇರಲಿಲ್ಲ! ಬ್ಯಾಗಿನ ತಳದಲ್ಲಿ ಬ್ಯಾಟರಿ. ಜಿಪ್ಪಿನ ಅಂಚಿಗೆ ಗುಂಡಿಯಷ್ಟು ಮೈಕು. ಅವನ ಒಂದೊಂದು ಉಸಿರೂ ಕಾರ್ಡಿನ ಮೇಲೆ ಇಳಿಯುತ್ತಿತ್ತು.

“ಡಬ್ಬಿ ತಗೋರಿ. ಒಂದೇ ಮಾತು ಹೇಳ್ರಿ ನನಗ. ಸಂಜೀವ ಹ್ಯಾಂಗ ಸತ್ತ?”

ಮಡೆಪ್ಪ ನಕ್ಕ. “ನಿನ್ನ ಮ್ಯಾಲೆ ಭರೋಸಾ ಇಟ್ಟು ಸತ್ತ!”

“ಅಂದ್ರ?”

“ನಾಲ್ಕೂವರಿಗೆ ಹಿಡಕೊಂಡು ಬಂದು ಇದೇ ಚೀಲದ ಮ್ಯಾಲೆ ಕುಂದ್ರಿಸಿದ್ವಿ. ಫೋಟೋ ಎಲ್ಲಿ ಅಂತ ಕೇಳಿದ್ವಿ. ಬಡದ್ವಿ. ಹೇಳಲಿಲ್ಲ ಮಗಾ. ಬರೇ ಘಡಿ ನೋಡ್ತಿದ್ದ. ‘ಐದೂವರಿ ಆಗ್ಲಿ, ಪಂಡರಿ ಬರ್ತಾನ’ ಅಂದ. ಐದೂವರಿ ಆತು. ಆರು ಆತು. ಆರೂವರಿಗೂ ‘ಬರ್ತಾನ’ ಅಂದ... ಏಳಕ್ಕ ಸುಮ್ಮನಾದ.”

“ಆಮ್ಯಾಲೆ?”

“ಆಮ್ಯಾಲೇನು? ಧನರಾಜ ಗಾಡಿ ತಗದ. ಖಣಿಗೆ ಒಯ್ದು ನೂಕಿದ್ವಿ. ಈಜು ಬರ್ತಿರಲಿಲ್ಲ ಅವನಿಗೆ.” ಮಡೆಪ್ಪ ಉಗುಳಿದ. “ಎಲ್ಲಿ ಸತ್ತಿದ್ದಿಯೋ ಪಂಡರಿ ಅವತ್ತ?”

ಎರಡು ಗಲ್ಲಿ ಆಚೆ. ಬಜಾರಿನ ಕಮಾನಿನ ಹತ್ತಿರದ ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದೆ. ಮೊಬೈಲು ಟೇಬಲ್ ಮೇಲೇ ಇತ್ತು. ಸುಮ್ಮನಿತ್ತು. ಅದು ಸುಮ್ಮನಿದೆ ಎಂದರೆ ಸಂಜೀವ ಕ್ಷೇಮ ಅಂತ ಇನ್ನೊಂದು ಚಹಾ ಹೇಳಿದ್ದೆ. ಓಡಿದ್ದರೆ ಮೂರು ನಿಮಿಷದ ದಾರಿ!

ಎದೆ ಒಡೆಯುವುದು ಅಂತಾರಲ್ಲ... ಅದಕ್ಕೂ ಸದ್ದಿರುವುದಿಲ್ಲ.

ಸಲಾಕೆ ಬಿತ್ತು. ಡಬ್ಬಿಗೆ ಒಂದು, ನನ್ನ ಭುಜಕ್ಕೆ ಒಂದು. ಡಬ್ಬಿಯ ಮುಚ್ಚಳ ಹಾರಿತು, ಪಕ್ಕದ ಚೀಲ ಹರಿದು ಕಡಲೆ ಚೆಲ್ಲಿತು. ಮಡೆಪ್ಪ ಬಗ್ಗಿ ನೋಡಿದ.

“ಹಾರ್ಡ್ ಡಿಸ್ಕ್ ಎಲ್ಲಿ ಅದಲೇ?”

ಚೆಲ್ಲಿದ ಕಡಲೆಯ ಮೇಲೆ ಬೋರಲು ಬಿದ್ದು ಅಳುತ್ತಿದ್ದೆ. ನಾಟಕ ಅಲ್ಲ, ಖರೇನೇ ಅಳುತ್ತಿದ್ದೆ. ಅಳುತ್ತಲೇ ಮುಷ್ಟಿ ಕಟ್ಟಿದೆ. ಮುಷ್ಟಿಯಲ್ಲಿ ಕಡಲೆ, ಕಡಲೆಯ ನಡುವೆ ಡಬ್ಬಿಯಿಂದ ಸಿಡಿದು ಬಿದ್ದಿದ್ದ ಕಾರ್ಡು!

“ಹೊರಗ ಹಾಕ್ರೋ ಈ ಹೇಡಿನ,” ಎಂದ ಮಡೆಪ್ಪ. ಹಾಕಿದರು.

ಕಾರ್ಡು ಬೀದರಿನ ದೊಡ್ಡ ಪೊಲೀಸ್ ಸಾಹೇಬರ ಕೈಗೆ ಕೊಟ್ಟೆ. ಕೊಡುವ ಮೊದಲು ಅಂಗಡಿಯ ಬಾಗಿಲು ಹಾಕಿಕೊಂಡು ಒಂದು ಸಾಲು ಅಳಿಸಿದೆ. ಮಂಗಳವಾರ, ನಾಲ್ಕೂ ಇಪ್ಪತ್ತು, ಶಾಖ, ಬಂದ್. ಸಾಕ್ಷಿಗೆ ಕೈ ಹಚ್ಚಬಾರದು, ಗೊತ್ತು. ಹಚ್ಚಿದೆ!

ಎರಡು ವರ್ಷ ಕೇಸು ನಡೆಯಿತು. ಧನರಾಜ ಸಾಕ್ಷಿಯಾದ. ಕೋರ್ಟಿನಲ್ಲಿ ಮಡೆಪ್ಪನ ಧ್ವನಿ ಕೇಳಿಸಿದರು. ‘ಐದೂವರಿ ಆಗ್ಲಿ, ಪಂಡರಿ ಬರ್ತಾನ...’ ಮುಂದಿನ ಬೆಂಚಿನಲ್ಲಿದ್ದ ರೂಪಾಲಿ ತಿರುಗಿ ನನ್ನನ್ನು ನೋಡಿದಳು. ಮಡೆಪ್ಪನಿಗೆ ಜೀವಾವಧಿ ಆಯಿತು. ನನಗೆ ಆ ನೋಟ.

ಹೊರಗೆ ಬೇವಿನ ಗಿಡದ ಕೆಳಗೆ ಹಿಡಿದು ನಿಲ್ಲಿಸಿದಳು.

“ಐದೂವರಿಗೆ ಡಬ್ಬಿ ನಿನಗ ಹೇಳಬೇಕಿತ್ತು ಅಲಾ? ಯಾಕ ಹೇಳಲಿಲ್ಲ?”

ಖರೇ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ‘ನೀ ಹೆಣೆದ ಕವರು, ರೂಪಾಲಿ. ಬ್ಯಾಡ ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ.’ ಹೇಳಿದ್ದರೆ ಅದೇ ಖಣಿಯಲ್ಲಿ ಇನ್ನೊಂದು ಹೆಣ ತೇಲುತ್ತಿತ್ತು. ಪೂನಂಗೆ ಆಗ ಹತ್ತು ವರ್ಷ.

“ಹೇಳಿತ್ತು,” ಎಂದೆ. “ಮೆಸೇಜ್ ಬಂದಿತ್ತು. ನಾ ನೋಡಲಿಲ್ಲ. ಶಿಂದಿ ಕುಡದು ಮಲಗಿದ್ದೆ.”

ಅವಳು ನನ್ನ ಕೊರಳು ನೋಡಿದಳು.

“ತುಳಸಿ ಮಾಲಿ ಹಾಕ್ಕೊಂಡು?”

“ಹೌದು.”

ಬೈಯುತ್ತಾಳೆ ಅಂದುಕೊಂಡೆ, ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಏಳರ ತನಕ ನಿನ್ನ ದಾರಿ ನೋಡ್ಯಾರ ಅವ್ರು, ಪಂಡರಿ. ಇನ್ನ ಮ್ಯಾಲೆ ನಮ್ಮ ಹೊಸ್ತಿಲ ತುಳೀಬ್ಯಾಡ.”

ತುಳಿದಿಲ್ಲ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಕಂಡಳು. ಪೂನಂ ಎತ್ತರ ಬೆಳೆದಿದ್ದಾಳೆ, ಅಪ್ಪನ ಮೂಗು. ಇಬ್ಬರೂ ಮುಖ ತಿರುಗಿಸಿ ಬಸ್ ಹತ್ತಿದರು. ಆ ಗುಲಾಬಿ ಕವರು ಈ ಡ್ರಾಯರಿನಲ್ಲೇ ಇದೆ. ಒಂದು ಮಣಿಯೂ ಉದುರಿಲ್ಲ.

ಹಾಂ... ನಿಮ್ಮ ಆರ್ಡರ್! ಡಬ್ಬಿ ವಾರದಲ್ಲಿ ಬರುತ್ತದೆ, ನಾನೇ ಬಂದು ಕೂಡಿಸುತ್ತೇನೆ. ಹತ್ತು ವರ್ಷ ಸದ್ದಿಲ್ಲದೆ ದುಡಿಯುತ್ತದೆ. ಒಂದೇ ಕಂಡೀಶನ್. ಮೇಲೆ ಬಟ್ಟೆ ಹೊದಿಸಬಾರದು. ಹೊದಿಸಿದವರು ನಿಮಗೆ ಎಷ್ಟೇ ಬೇಕಾದವರಾಗಿರಲಿ... ನನ್ನ ಹಾಗೆ ‘ಚಂದ ಅದ’ ಅನ್ನಬೇಡಿ. ಅಲ್ಲೇ, ಆಗಲೇ, ಬಾಯಿಬಿಟ್ಟು ಹೇಳಿಬಿಡಿ!