ಒಂದನೇ ಕೌಂಟರಿಗೆ ನಲವತ್ತೆರಡು ಹೆಜ್ಜೆ

ಮನುಷ್ಯರು ಕೋಟೆಗಾಗಿ, ಬಂದರಿಗಾಗಿ, ಕಿರೀಟಕ್ಕಾಗಿ ಕಚ್ಚಾಡಿದ್ದನ್ನೆಲ್ಲ ಚರಿತ್ರೆ ಬರೆದಿಟ್ಟಿದೆ. ನಲವತ್ತೆರಡು ಹೆಜ್ಜೆಗಳ ವಿಷಯವನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಗಹನತೆಯಲ್ಲಿ ಅದು ಯಾವ ಕೋಟೆಗೂ ಕಡಿಮೆಯದಲ್ಲ. ವಿಮಾನ ನಿಲ್ದಾಣದ ಆಗಮನದ ಹಾಲಿನಲ್ಲಿ ಗಾಜಿನ ಬಾಗಿಲು ಸರಿದೊಡನೆ ಕಣ್ಣಿಗೆ ಬೀಳುವುದು ಒಂದನೇ ಕೌಂಟರು. ಅಲ್ಲಿಂದ ನಲವತ್ತೆರಡು ಹೆಜ್ಜೆ ನಡೆದು, ದಪ್ಪ ಕಂಬವೊಂದನ್ನು ಬಳಸಿ, ಶೌಚಾಲಯದ ಬೋರ್ಡಿನ ಕೆಳಗೆ ಬಂದರೆ ಎಂಟನೆಯದು. ಎಲ್ಲ ಕೌಂಟರುಗಳಲ್ಲೂ ಮಾರುವುದು ಒಂದೇ ಸರಕು: ಹೊರದೇಶದಿಂದ ಬಂದವರಿಗೆ ಹದಿನೈದು ದಿನದ್ದು, ತಿಂಗಳಿನದು ಎಂದು ಪ್ರೀಪೇಯ್ಡ್ ಸಿಮ್ಮು.

ಹಗಲೆಲ್ಲ ಹಾರಿ ಬಂದು ಇಳಿದವನಿಗೆ ನೀರು, ನಿದ್ದೆಗಳಿಗಿಂತ ಮೊದಲು ಬೇಕಾಗುವುದು ಮನೆಗೆ "ಮುಟ್ಟಿದೆ" ಎಂದು ಹೇಳುವುದು. ಆ ಅವಸರದಲ್ಲಿ ನಲವತ್ತೆರಡು ಹೆಜ್ಜೆ ಯಾರು ನಡೆಯುತ್ತಾರೆ? ಎಂಟನೆಯದಕ್ಕೆ ಬರುವವರು ಒಂದೋ ಒಂದನೆಯದರ ಸಾಲು ಕಂಡು ಹೆದರಿದವರು, ಇಲ್ಲವೇ ಬೇರೆ ಅವಸರವೊಂದನ್ನು ಮುಗಿಸಿಕೊಂಡು ಹೊರಬಂದವರು.

ಹಾಲಿನವರೆಲ್ಲ ಅವನನ್ನು "ಎಂಟು" ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಅವನು ಅಲ್ಲಿದ್ದ. ಒಂದನೆಯದರಲ್ಲಿ ಕೂರುತ್ತಿದ್ದವನು ಅವನ ಸೋದರಮಾವ. ಕೆಲಸ ಕೊಡಿಸಿದವನೂ ಕಲಿಸಿದವನೂ ಅವನೇ. "ನಾನು ಎದ್ದ ದಿನ ಈ ಕುರ್ಚಿ ನಿಂದೇ ಅಳಿಯಾ" ಎಂದು ಮೊದಲ ವರ್ಷವೇ ಹೇಳಿದ್ದ. ಈ ತಿಂಗಳ ಮೊದಲ ವಾರ, ಕನ್ನಡಕ ಒರೆಸುತ್ತಾ, ಮಳೆಯ ಸುದ್ದಿ ಹೇಳುವಷ್ಟೇ ಸಲೀಸಾಗಿ ಬೇರೆ ಮಾತು ಹೇಳಿದ.

"ಮುಂದಿನ ತಿಂಗಳಿಂದ ಇಲ್ಲಿ ನನ್ನ ಮಗಳು ಕೂರ್ತಾಳೆ ಕಣೋ. ನೀನು ಎಂಟರಲ್ಲಿ ಬೇರು ಬಿಟ್ಟಿದೀಯ. ಬೇರು ಬಿಟ್ಟ ಗಿಡಾನ ಕಿತ್ತು ಬೇರೆ ಕಡೆ ನೆಡಬಾರದು."

ಮನೆಯಲ್ಲಿ ತಾಯಿ ತಮ್ಮನ ಪರ ವಹಿಸಿದಳು. "ಅವಳು ಅವನ ಮಗಳು. ನೀನು ಅಕ್ಕನ ಮಗ. ಕರುಳು ಯಾವ ಕಡೆ ಎಳಿಯತ್ತೆ, ನೀನೇ ಹೇಳು."

ಅವನು ಯೋಚಿಸಿದ. ಮಾವ ತಾನಾಗಿ ಬಿಟ್ಟುಕೊಟ್ಟರೆ ಜಾಗ ಮಾವ ಹೇಳಿದವರಿಗೆ. ಪರವಾನಗಿ ರದ್ದಾದರೆ ಹಿರಿತನದ ಮೇಲೆ ಮುಂದಿನವನಿಗೆ. ಮುಂದಿನವನು ತಾನೇ. ನಿಯಮಾವಳಿಯ ಆ ಪುಟವನ್ನು ಅವನು ಮೂರು ಸಲ ಓದಿದ, ಜಾತಕ ಓದುವವನ ಶ್ರದ್ಧೆಯಿಂದ.

ಅವಕಾಶ ಟ್ರಾಲಿಯಲ್ಲಿ ಬಂತು. ಒಂದು ಬೆಳಿಗ್ಗೆ ಕಂಬದ ಹಿಂದೆ ಯಾರೋ ಬಿಟ್ಟುಹೋದ ಲಗೇಜು ಟ್ರಾಲಿಯ ಮುಂದಿನ ಬುಟ್ಟಿಯಲ್ಲಿ ಒಂದು ಪಾಸ್‌ಪೋರ್ಟ್ ಇತ್ತು. ಚಿತ್ರದಲ್ಲಿದ್ದ ಅರವತ್ತು ದಾಟಿದ ಹೆಂಗಸು, ಶಾಲೆಗೆ ತಡವಾಗಿ ಬಂದವನನ್ನು ನೋಡುವಂತೆ ಅವನನ್ನು ನೋಡಿದಳು. ಕರವಸ್ತ್ರದಲ್ಲಿ ಹಿಡಿದೆತ್ತಿ, ಅಂಗಿಯೊಳಗೆ ಇಳಿಬಿಟ್ಟ. ಆ ಕಂಬದ ಹಿಂಬದಿ ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಹನ್ನೊಂದು ವರ್ಷ ಗಿರಾಕಿಗಳಿಗೇ ಕಾಣದವನಿಗೆ ಅಷ್ಟು ಗೊತ್ತಿತ್ತು.

ಅರ್ಧ ಗಂಟೆಯಲ್ಲಿ ಆ ಹೆಂಗಸೇ ಬಂದಳು. ಚೀಲವನ್ನು ಎರಡು ಸಲ ಬರಿದು ಮಾಡಿ ತುಂಬಿಕೊಂಡಿದ್ದಳೆಂದು ಹೊರಗೆ ನೇತಾಡುತ್ತಿದ್ದ ಶಾಲಿನ ತುದಿ ಹೇಳುತ್ತಿತ್ತು. ಮಗಳಿಗೆ ಫೋನು ಮಾಡಬೇಕಿತ್ತು, ಸಿಮ್ ಬೇಕಿತ್ತು.

"ಪಾಸ್‌ಪೋರ್ಟ್ ತೋರಿಸದೆ ಸಿಮ್ ಕೊಡೋ ಹಾಗಿಲ್ಲಮ್ಮ. ಕಾನೂನು" ಎಂದ. ಪಾಸ್‌ಪೋರ್ಟಿನ ಗಟ್ಟಿ ರಟ್ಟು ಅವನ ಪಕ್ಕೆಲುಬಿಗೆ ಒತ್ತುತ್ತಿತ್ತು.

ಅವಳು ನಲವತ್ತೆರಡು ಹೆಜ್ಜೆ ವಾಪಸು ನಡೆದಳು. ಮಾವ ಕಾನೂನಿನ ಮಾತೆತ್ತಲಿಲ್ಲ. ತನ್ನ ಸ್ವಂತ ಫೋನನ್ನು ಅವಳ ಕೈಗಿಟ್ಟು, "ಕೂತ್ಕೊಂಡು ಮಾತಾಡಿ ತಾಯಿ, ನಿಧಾನಕ್ಕೆ" ಎಂದು ಕುರ್ಚಿ ಬಿಟ್ಟುಕೊಟ್ಟ. ತನಗೆ ಸಿಗಬೇಕಾದ ಕುರ್ಚಿಯಲ್ಲಿ ಆ ಹೆಂಗಸು ಕೂತು ಅಳುವುದನ್ನು ಎಂಟು ದೂರದಿಂದ ನೋಡಿದ. ಪಾಸ್‌ಪೋರ್ಟನ್ನು ಆಗಲೇ ವಿಚಾರಣೆಯ ಡೆಸ್ಕಿಗೆ ಕೊಟ್ಟುಬಿಡಬಹುದಿತ್ತು. "ಬುಟ್ಟೀಲಿ ಸಿಕ್ತು" ಎಂದರೆ ಮುಗಿಯುತ್ತಿತ್ತು. ಆ ಎರಡು ಪದ ಬಾಯಿಗೆ ಬಂದು, ಅಲ್ಲೇ ಕೂತು, ವಾಪಸು ಹೋದವು.

ಮಿಕ್ಕದ್ದನ್ನೆಲ್ಲ ಅವನು ಅಚ್ಚುಕಟ್ಟಾಗಿ ಹೊಂದಿಸಿದ. ಸುಳಿವು ಕೊಡುವ ಕರೆಗೆ ಒಂದು ಸಿಮ್ ಬೇಕು. ತನ್ನ ಕೌಂಟರಿನದಾಗಬಾರದು, ಈ ಹಾಲಿನದೇ ಆಗಬಾರದು. ಮೇಲಿನ ನಿರ್ಗಮನದ ಮಹಡಿಯಲ್ಲಿ, ಊರಿಗೆ ಹೊರಟ ಪ್ರವಾಸಿಗಳು ಸ್ಥಳೀಯ ಸಿಮ್ ಕಿತ್ತು ಕಸದ ಬುಟ್ಟಿಗೆ ಹಾಕುವುದು ಮಾಮೂಲು. ನಿಲ್ದಾಣದಲ್ಲಿ ಯಾರೂ ಮಾರದ ಕಂಪನಿಯದೊಂದನ್ನು ಅವನು ಅಲ್ಲಿಂದ ಹೆಕ್ಕಿದ. ಅವಧಿ ಇನ್ನೂ ಬಾಕಿಯಿತ್ತು. ಅದರ ಹೆಸರಿನ ಒಡೆಯ ಅಷ್ಟು ಹೊತ್ತಿಗೆ ಯಾವುದೋ ಸಮುದ್ರದ ಮೇಲೆ ಊಟದ ತಟ್ಟೆಯ ಮುಚ್ಚಳ ತೆಗೆಯುತ್ತಿದ್ದಿರಬೇಕು. ಗುಂಡಿ ಒತ್ತುವ ಹಳೇ ಹ್ಯಾಂಡ್‌ಸೆಟ್ಟನ್ನು ಸಂತೆಯ ಗದ್ದಲದಲ್ಲಿ, ಮುಖವೆತ್ತದೆ ಮಾರುವವನೊಬ್ಬನಿಂದ ಕೊಂಡ. ಎರಡನ್ನೂ ಕರೆಯ ಹೊತ್ತಿನವರೆಗೆ ಸೇರಿಸಲಿಲ್ಲ. ಸೇರಿಸಿದ ಜಾಗವೂ ದಾಖಲಾಗುತ್ತದೆ ಎಂಬುದು ಅವನ ಕಸುಬಿನ ಜ್ಞಾನ.

ಮೂರನೆಯ ದಿನ ಹನ್ನೊಂದು ಗಂಟೆಗೆ, ಎರಡು ವಿಮಾನಗಳ ನಡುವಿನ ಬಿಡುವಿನಲ್ಲಿ, ಮಾವ ಎಂದಿನಂತೆ ಬಂದು ಅವನ ಭುಜ ತಟ್ಟಿದ.

"ಸ್ವಲ್ಪ ನನ್ನ ಕೌಂಟರ್ ನೋಡ್ಕೋ ಅಳಿಯಾ. ಈ ವಯಸ್ಸಲ್ಲಿ ನಿನ್ನ ಕಡೆಗೇ ಓಡಾಟ ಜಾಸ್ತಿ."

ಎಂಟು ನಕ್ಕ. ಒಂದನೆಯದರ ಕುರ್ಚಿಯಲ್ಲಿ ಕೂತು, ಮೊಣಕಾಲಿನ ಮರೆಯಲ್ಲಿ ಕೆಳಗಿನ ಡ್ರಾಯರು ಎಳೆದು, ರಸೀತಿ ಪುಸ್ತಕಗಳ ಅಡಿಗೆ ಪಾಸ್‌ಪೋರ್ಟ್ ಇಟ್ಟ. ಮಾವ ಬಂದಾಗ ಅವನ ಕೈಯಲ್ಲಿ ಎರಡು ಬಿಸ್ಕತ್ತಿದ್ದವು. ಒಂದನ್ನು ಅಳಿಯನಿಗೆ ಕೊಟ್ಟ. ಅದನ್ನು ತಿನ್ನಲೇಬೇಕಾಯಿತು. ಆವತ್ತು ಅವನು ಮಾಡಿದ ಕೆಲಸಗಳಲ್ಲೆಲ್ಲ ಕಷ್ಟವಾದದ್ದು ಅದೇ.

ಮರಳಿ ಬಂದು ತನ್ನ ಸ್ವಂತ ಫೋನನ್ನು ಕೌಂಟರಿನ ಮೇಲೆ ಚಾರ್ಜಿಗೆ ಹಾಕಿದ. ಫೋನು ಇಲ್ಲಿದ್ದರೆ ತಾನೂ ಇಲ್ಲೇ ಇದ್ದ ಲೆಕ್ಕ. ಪಕ್ಕದಲ್ಲಿ ವಿದೇಶಿ ನೋಟು ಬದಲಾಯಿಸಿ ಕೊಡುವ ಹೆಂಗಸಿಗೆ, ಹಾಲಿನಲ್ಲಿ ಅವಳ ಹೆಸರು ಚಿಲ್ಲರೆ ಮೇಡಂ, "ಟೀ ಕುಡಿದು ಬರ್ತೀನಿ, ಫೋನಿನ ಮೇಲೆ ಒಂದು ಕಣ್ಣಿಡಿ" ಎಂದ.

"ಅದನ್ನ ಕದಿಯೋವಷ್ಟು ಕೆಟ್ಟ ಕಾಲ ಇನ್ನೂ ಯಾರಿಗೂ ಬಂದಿಲ್ಲ, ಹೋಗಿ ಬನ್ನಿ."

ಪಾರ್ಕಿಂಗಿನ ಹಿಂದಿನ ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಸಿಮ್ಮು ಕೂರಿಸಿದ. ಸಿಗ್ನಲ್ಲಿನ ಗೀಟುಗಳು ಒಂದೊಂದೇ ಎದ್ದು ನಿಂತವು. ಲೈನು ಜೀವಂತ ಇದೆಯೆಂದು ಖಾತ್ರಿ ಮಾಡಿಕೊಂಡು ಭದ್ರತಾ ಕಚೇರಿಯ ನಂಬರು ಒತ್ತಿದ. ಬಾಯಿಗೆ ಬಟ್ಟೆ ಅಡ್ಡ ಹಿಡಿಯುವ ಅಗ್ಗದ ಉಪಾಯ ಅವನಿಗೆ ಬೇಕಿರಲಿಲ್ಲ. ಹನ್ನೊಂದು ವರ್ಷ ಪ್ರಯಾಣಿಕರ ಗೊಣಗು ಕೇಳಿದ ಕಿವಿ ಅವನದು. ಅದೇ ಧಾಟಿ ಎತ್ತಿದ. "ನಾನೊಬ್ಬ ಪ್ಯಾಸೆಂಜರ್. ಒಂದನೇ ಕೌಂಟರಿನ ಮುದುಕ ಯಾರದೋ ಪಾಸ್‌ಪೋರ್ಟ್ ಡ್ರಾಯರಿಗೆ ಹಾಕೊಂಡಿದ್ದು ನೋಡ್ದೆ. ಇಂಥೋರನ್ನೆಲ್ಲ ಯಾಕಿಟ್ಕೋತೀರಿ ನೀವು?" ಸಿಮ್ಮು ಎರಡು ತುಂಡಾಗಿ ಚರಂಡಿಗೆ ಬಿತ್ತು, ಹ್ಯಾಂಡ್‌ಸೆಟ್ಟು, ಕಟ್ಟಡ ಕೆಡವಿದ ಕಲ್ಲುರಾಶಿಯ ಸಂದಿಗೆ.

ಎಲ್ಲವೂ ಅಂದುಕೊಂಡಂತೆ ನಡೆಯಿತು. ಭದ್ರತಾ ಕಚೇರಿಯ ಅಧಿಕಾರಿಣಿ ಇಬ್ಬರು ಕಾವಲಿನವರೊಡನೆ ಬಂದು ಡ್ರಾಯರು ತೆಗೆಸಿದಳು. ಪಾಸ್‌ಪೋರ್ಟ್ ನೋಡಿದಳು, ಮಾವನನ್ನು ನೋಡಿದಳು.

"ಆ ಅಮ್ಮನಿಗೆ ಫೋನು ಕೊಟ್ಟಿದ್ದೂ ನೀವೇ, ಇದನ್ನ ಇಟ್ಕೊಂಡಿದ್ದೂ ನೀವೇನಾ?"

ಮಾವ ಪರವಾನಗಿಯ ಬಿಲ್ಲೆಯನ್ನು ಕೊರಳಿಂದ ತೆಗೆಯುವಾಗ ಅದರ ದಾರ ಕನ್ನಡಕಕ್ಕೆ ಸಿಕ್ಕಿಕೊಂಡಿತು. ಬಿಡಿಸಲು ಎಂಟು ಓಡಿ ಬಂದ. ಓಡಿ ಬರದಿದ್ದರೆ ಅನುಮಾನ ಬಂದೀತು ಎಂದು ಅವನೇ ಲೆಕ್ಕ ಹಾಕಿದ್ದ.

"ನಿನ್ನ ಅತ್ತೆಗೆ ಫೋನ್ ಮಾಡಬೇಡ, ಗಾಬರಿ ಬೀಳ್ತಾಳೆ" ಎಂದ ಮಾವ ಮೆಲ್ಲಗೆ. "ಎರಡು ಗಂಟೆ ವಿಮಾನಕ್ಕೆ ಜನ ಬರ್ತಾರೆ. ನೀನೇ ಇಲ್ಲಿ ಕೂತ್ಕೋ. ಬೇರೆ ಯಾರನ್ನೂ ನಂಬಕ್ಕಾಗಲ್ಲ."

ಅಧಿಕಾರಿಣಿ ಒಪ್ಪಿದಳು. ತಾತ್ಕಾಲಿಕವಾಗಿ ಅವನು ಕೂತ. ಮೂರು ದಿನ ಗಾಜಿನ ಬಾಗಿಲು ಸರಿದಾಗಲೆಲ್ಲ ಜನ ನೇರ ಅವನ ಕಡೆಗೇ ಬಂದರು. ಹನ್ನೊಂದು ವರ್ಷ ಕನಸು ಕಂಡದ್ದು ಇದನ್ನೇ. ಪಾಸ್‌ಪೋರ್ಟುಗಳನ್ನು ತೆರೆದಾಗ ಮಾತ್ರ ಚಿತ್ರಗಳನ್ನು ನೋಡಲಾಗುತ್ತಿರಲಿಲ್ಲ. ಹೆಸರು, ನಂಬರು ಬರೆದುಕೊಂಡು ಬೇಗ ಮುಚ್ಚಿ ಕೊಡುತ್ತಿದ್ದ. ಮನೆಯಲ್ಲಿ ತಾಯಿ ತಮ್ಮನಿಗಾಗಿ ಅತ್ತಳು. "ನೀನಾದ್ರೂ ಅವನ ಜಾಗ ಕಾದ್ಕೊಂಡಿದೀಯಲ್ಲ, ಅಷ್ಟೇ ಸಮಾಧಾನ" ಎಂದು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ನಾಲ್ಕನೆಯ ದಿನ ಅಧಿಕಾರಿಣಿ ಒಂದು ಹಾಳೆ ಹಿಡಿದು ಬಂದಳು. ಅನುಮಾನ ಬೇರೆ ಯಾರ ಮೇಲೂ ಇರಲಿಲ್ಲ. ಕಡತ ಮುಗಿಸಲು ಸುಳಿವು ಕೊಟ್ಟ ಪ್ರಯಾಣಿಕನ ಸಹಿ ಬೇಕಿತ್ತು. ಅವನನ್ನು ಹುಡುಕಲು ಆ ಸಿಮ್ಮಿನ ಕರೆಪಟ್ಟಿ ತರಿಸಿದ್ದಳು. ಆ ದಿನದ್ದು ಎರಡೇ ಸಾಲು. ಎರಡನೆಯದು ಅವಳ ಕಚೇರಿಗೆ. ಅದಕ್ಕಿಂತ ಒಂದು ನಿಮಿಷ ಮೊದಲು, ಅದೇ ಮೆಟ್ಟಿಲಿನಿಂದ, ಎರಡು ರಿಂಗಿಗೆ ಕತ್ತರಿಸಿದ ಇನ್ನೊಂದು ಕರೆ. "ಈ ನಂಬರ್ ಯಾರದು, ನಿಮಗೇನಾದ್ರೂ ಗೊತ್ತಾ?" ಎಂದು ಹಾಳೆಯನ್ನು ಅವನ ಮುಂದಿಟ್ಟಳು. ನಂಬರು ಅವನದೇ. ಹೊಸ ಸಿಮ್ಮು ಹಾಕಿದ ಮೇಲೆ ತನ್ನ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಟ್ಟು, ಲೈನು ಜೀವಂತ ಇದೆಯೆಂದು ನೋಡಿಯೇ ಗಿರಾಕಿಯ ಕೈಗಿಡಬೇಕೆಂದು ಮೊದಲ ದಿನ ಮಾವ ಕಲಿಸಿದ್ದ. ಹನ್ನೊಂದು ವರ್ಷ ದಿನಕ್ಕೆ ಇಪ್ಪತ್ತು ಸಲ ಮಾಡಿದ್ದನ್ನು ಬೆರಳುಗಳು ಮೆಟ್ಟಿಲ ಮೇಲೂ ಅವನನ್ನು ಕೇಳದೆ ಮಾಡಿದ್ದವು, ಚಾರ್ಜಿಗಿದ್ದ ಫೋನಿನಲ್ಲಿ ಆ ಕರೆ ಉಳಿದ ಹತ್ತೊಂಬತ್ತರ ಜೊತೆ ಸೇರಿಹೋಗಿತ್ತು. ಮಾವನ ಬಿಲ್ಲೆ ಅವನ ಕೊರಳಿಗೆ ವಾಪಸು ಬಂತು. ಮುಂದಿನ ತಿಂಗಳಿಂದ ಒಂದನೇ ಕೌಂಟರಿನಲ್ಲಿ ಮಾವನ ಮಗಳು ಕೂರುತ್ತಾಳೆ. ಎಂಟನೆಯದನ್ನು ತೆಗೆದು ಅಲ್ಲಿ ಟ್ರಾಲಿ ನಿಲ್ಲಿಸುತ್ತಾರೆ.