ನೂರು ಅಂದವರು ಲೋಟ ತೊಳೆಯಬೇಕು

ಅವನು ವಕೀಲೆಯ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕಲಕಿದ. ಎಷ್ಟು ಅಂತ ಕೇಳಲೂ ಇಲ್ಲ, ಬಹಳ ದಿನದ ಅಭ್ಯಾಸ ಅನ್ನುವ ಹಾಗೆ ಹಾಕಿದ. ಎದುರಿನ ಮೇಜಿನಲ್ಲಿ ಕೂತಿದ್ದ ನಾನು ನನ್ನ ಸಕ್ಕರೆಯಿಲ್ಲದ ಟೀಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡೆ.

ಹನ್ನೊಂದು ವರ್ಷ ನರ್ಸ್ ಆಗಿ ದುಡಿದವಳು ನಾನು. ಸುಟ್ಟ ಗಾಯ, ಮುರಿದ ಮೂಳೆ, ಏರಿದ ಜ್ವರ, ಯಾವುದಕ್ಕೆ ಏನು ಮಾಡಬೇಕು ಅಂತ ಗೊತ್ತು. ಹೊಟ್ಟೆಕಿಚ್ಚಿಗೆ ಮಾತ್ರ ನಮ್ಮ ಟ್ರೇಯಲ್ಲಿ ಏನೂ ಇರಲಿಲ್ಲ.

ಹಳೆಯ ಪ್ರಿಂಟಿಂಗ್ ಪ್ರೆಸ್ಸೊಂದರ ಮಹಡಿಯ ಮೇಲೆ ಹತ್ತು ವಾರದ ತರಬೇತಿ. ನಾವು ಹನ್ನೆರಡು ಜನ. ಯಾರೂ ತಿರುಗಿ ನೋಡದ ಒಂದು ಕಷ್ಟವನ್ನು ಆರಿಸಿಕೊಳ್ಳಬೇಕು; ಕಡಿಮೆ ಖರ್ಚಿನಲ್ಲಿ ಹೆಚ್ಚು ಜನಕ್ಕೆ ನಿಜವಾಗಿ ಉಪಯೋಗವಾಗುವ ದಾರಿ ಇದು ಅಂತ ಸಾಕ್ಷಿ ಸಮೇತ ತೋರಿಸಬೇಕು; ಆಮೇಲೆ ಅದಕ್ಕೊಂದು ಸಂಸ್ಥೆ ಕಟ್ಟಬೇಕು. ಕೊನೆಯ ವಾರ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ. ಜೋಡಿ ಸಿಗದವರು ಬ್ಯಾಗು ಹೆಗಲಿಗೇರಿಸಿಕೊಂಡು ಮನೆಗೆ ಹೋಗಬೇಕು.

ಇದನ್ನು ನಡೆಸುವವರನ್ನು ನಾವೆಲ್ಲ ದೊಡ್ಡಮ್ಮ ಅನ್ನುತ್ತಿದ್ದೆವು. ತಾವೇ ಕಟ್ಟಿದ ಎರಡು ಸಂಸ್ಥೆಗಳಿಂದ ಯಾರಿಗೂ ನಯಾಪೈಸೆ ಉಪಯೋಗವಿಲ್ಲ ಅಂತ ಗೊತ್ತಾದಾಗ ತಾವೇ ಬಾಗಿಲು ಹಾಕಿ, ಅವುಗಳ ಬೋರ್ಡುಗಳನ್ನು ಕ್ಲಾಸಿನ ಗೋಡೆಗೆ ನೇತುಹಾಕಿದ್ದ ಹೆಂಗಸು. “ಎತ್ತು ಈದಿದೆ ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋರಿಗೆ ಇಲ್ಲಿ ಕೆಲಸ ಇಲ್ಲ” ಅಂತ ಮೊದಲ ದಿನವೇ ಹೇಳಿದ್ದರು. ಅವರದೊಂದು ನಿಯಮ ಇತ್ತು. ಏನೇ ಹೇಳಿದರೂ ಅದರಲ್ಲಿ ನಿಮಗೆ ನೂರಕ್ಕೆ ಎಷ್ಟು ನಂಬಿಕೆ ಅಂತ ಜೊತೆಗೇ ಹೇಳಬೇಕು. ಅರವತ್ತು ಅನ್ನಿ, ತೊಂಬತ್ತು ಅನ್ನಿ, ನೂರು ಮಾತ್ರ ಅನ್ನುವಂತಿಲ್ಲ. ನೂರು ಅಂದವರು ಅವತ್ತು ಹನ್ನೆರಡೂ ಲೋಟ ತೊಳೆಯಬೇಕು. ಮೊದಲ ವಾರದಲ್ಲೇ ವಕೀಲೆ ಮೂರು ಸಲ ತೊಳೆದಳು. ಕೋರ್ಟಿನಲ್ಲಿ ನೂರಕ್ಕಿಂತ ಕಡಿಮೆ ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

ಸಕ್ಕರೆ ಕಲಕಿದ ಅವನು ಒಂದು ಸಲವೂ ತೊಳೆದಿರಲಿಲ್ಲ. ಹದಿನಾಲ್ಕು ವರ್ಷ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸಿದ ಮೇಷ್ಟ್ರು. ನಾಳೆ ಬೆಳಗಾಗುತ್ತಾ ಅಂತ ಕೇಳಿದರೂ “ತೊಂಬತ್ತೊಂಬತ್ತು” ಅನ್ನುವ ಜಾತಿ. ಅಂಗಿಯ ತೋಳನ್ನು ಸರಿಯಾಗಿ ಎರಡೇ ಮಡಿಕೆ ಮಡಿಸುತ್ತಿದ್ದ. ಕಿವಿಯ ಹಿಂದೆ ಕೆಂಪು ಪೆನ್ನು. ಯಾವ ಅಂಕಿ ಬರೆದರೂ ಅದರ ಸುತ್ತ ಸ್ಕೇಲಿನಲ್ಲಿ ಎಳೆದ ಹಾಗೆ ಒಂದು ಕೆಂಪು ಚೌಕ ಹಾಕುತ್ತಿದ್ದ.

ಎಲ್ಲರೂ ನನ್ನನ್ನು ಸಿಸ್ಟರ್ ಅನ್ನುತ್ತಿದ್ದರು, ದೊಡ್ಡಮ್ಮ ಕೂಡ. ಅವನು ಮಾತ್ರ “ಇವರೇ” ಅನ್ನುತ್ತಿದ್ದ. “ಇವರೇ, ಒಂದ್ನಿಮಿಷ.” “ನೋಡಿ ಇವರೇ, ಇಲ್ಲಿ ಒಂದು ಸೊನ್ನೆ ಜಾಸ್ತಿಯಾಗಿದೆ.” ವಕೀಲೆಗಾದರೆ ಬಾಯಿ ತುಂಬಾ “ವಕೀಲರೇ”. ನೆನಪಿಟ್ಟು ಕರೆಯುವಷ್ಟು ಮುಖ್ಯಳಲ್ಲ ನಾನು ಅಂದುಕೊಂಡೆ. ಅಂದುಕೊಂಡು ಉರಿದೆ.

ನನ್ನ ವಿಷಯ ಕನ್ನಡಕ. ನಮ್ಮಮ್ಮ ಟೈಲರ್. ನಲವತ್ತಮೂರನೇ ವಯಸ್ಸಿಗೆ ಸೂಜಿಗೆ ದಾರ ಪೋಣಿಸಲಾಗದೆ ಮಷೀನಿನ ಮೇಲೆ ಬಟ್ಟೆ ಹೊದಿಸಿಬಿಟ್ಟಳು. “ಇನ್ನೇನು, ಕಣ್ಣು ಹೋಯ್ತು” ಅಂದಳು. ಕಣ್ಣು ಎಲ್ಲೂ ಹೋಗಿರಲಿಲ್ಲ. ಹತ್ತಿರದ್ದು ಓದುವ ಒಂದು ಸಾದಾ ಕನ್ನಡಕ ಸಾಕಿತ್ತು. ಅದು ನನಗೆ ತಿಳಿಯುವ ಹೊತ್ತಿಗೆ ಅವಳು ಆರು ವರ್ಷ ಸುಮ್ಮನೆ ಕೂತಿದ್ದಳು. ಈ ಸಂಸ್ಥೆ ಕಟ್ಟದೆ ಮನೆಗೆ ಹೋಗಬಾರದು ಅಂತ ಹಟ ತೊಟ್ಟು ಬಂದಿದ್ದೆ.

ಮೊದಲ ಆರು ವಾರ ಮೇಷ್ಟ್ರು ನನ್ನ ಮೇಜಿನಲ್ಲೇ ಇದ್ದ. ಇಬ್ಬರೂ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗಿ ಅರವತ್ತು ಹೆಂಗಸರಿಗೆ ಕನ್ನಡಕ ಕೊಟ್ಟೆವು. ತಿಂಗಳು ಕಳೆದ ಮೇಲೆ ಎಷ್ಟು ಜನ ಹಾಕಿಕೊಂಡಿದ್ದಾರೆ ಅಂತ ನೋಡಲು ಮತ್ತೆ ಹೋದೆವು. ಮಷೀನುಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ, ಅವನು ಬಗ್ಗಿ ನನ್ನ ಕಿವಿಯ ಹತ್ತಿರ “ಎಷ್ಟಾಯ್ತು?” ಅಂದ.

ನಾನು ಎಣಿಕೆ ಮರೆತೆ. ಗಡಿಬಿಡಿಯಲ್ಲಿ ಮತ್ತೆ ಎಣಿಸಿ, “ನಲವತ್ತೆರಡು” ಅಂದೆ.

ಅವನು ನನ್ನ ಮುಖ ನೋಡಿದ. ಏನೋ ಹೇಳುವವನ ಹಾಗೆ ಬಾಯಿ ತೆರೆದ. ಆಮೇಲೆ ತಲೆಯಾಡಿಸಿ ಬರೆದುಕೊಂಡ.

ಮಾರನೆಯ ದಿನ ಬೆಳಿಗ್ಗೆ ಬಂದರೆ ಅವನ ಕುರ್ಚಿ ಖಾಲಿ. ಫೈಲು, ಕೆಂಪು ಪೆನ್ನು, ಸ್ವತಃ ಅವನು, ಎಲ್ಲ ವಕೀಲೆಯ ಮೇಜಿಗೆ ವರ್ಗ. ಅವಳದು ಮನೆಗೆ ಬಳಿಯುವ ಪೇಂಟಿನಲ್ಲಿರುವ ಸೀಸದ ವಿಷಯ. ಮಕ್ಕಳ ಮೆದುಳಿಗೆ ಕೆಡುಕು, ಕಾನೂನು ತಂದು ನಿಲ್ಲಿಸಬೇಕು ಅನ್ನುತ್ತಿದ್ದಳು. ಒಳ್ಳೆಯ ಕೆಲಸ, ಒಪ್ಪುತ್ತೇನೆ. ಅವಳಿಗೆ ಆ ಉದ್ದ ಕೊರಳು, ಆ ನಗು ಇಲ್ಲದಿದ್ದರೆ ಇನ್ನೂ ಮನಸಾರೆ ಒಪ್ಪುತ್ತಿದ್ದೆ.

“ಯಾಕಂತೆ?” ಅಂತ ದೊಡ್ಡಮ್ಮನನ್ನು ಕೇಳಿದೆ.

“ಬೇರೆ ಮೇಜು ಬೇಕು ಅಂದ, ಕೊಟ್ಟೆ. ನೀನೇ ಕೇಳು.”

ನಾನ್ಯಾಕೆ ಕೇಳಲಿ? ಕೇಳಲಿಲ್ಲ. ಬದಲಿಗೆ ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಅವಳು ಬಗ್ಗಿ ಅವನ ಹಾಳೆ ನೋಡಿದ್ದು ಎಷ್ಟು ಸಲ, ಅವನು ನಕ್ಕದ್ದು ಎಷ್ಟು ಸಲ. ಈ ಎಣಿಕೆಯಲ್ಲಿ ಒಂದೂ ತಪ್ಪಲಿಲ್ಲ ನೋಡಿ.

ಜೋಡಿ ಘೋಷಿಸುವ ಹಿಂದಿನ ದಿನ ಒಂದು ಪಾಠ ಇತ್ತು. ಅದಕ್ಕೆ ನಾವೆಲ್ಲ ಡೆತ್ ಸರ್ಟಿಫಿಕೇಟ್ ಅನ್ನುತ್ತಿದ್ದೆವು. “ಒಂದು ವರ್ಷ ಆಗಿದೆ. ನಿಮ್ಮ ಸಂಸ್ಥೆ ಸತ್ತಿದೆ ಅಂದ್ಕೊಳ್ಳಿ. ಯಾತರಿಂದ ಸತ್ತಿತು ಬರೀರಿ. ನಿಮ್ಮ ಹೆಸರು ಬೇಡ, ಸಂಸ್ಥೆ ಹೆಸರೂ ಬೇಡ” ಅಂದರು ದೊಡ್ಡಮ್ಮ. ಸಾಯುವ ಮೊದಲೇ ಕಾರಣ ಗೊತ್ತಾದರೆ ಉಳಿಸಿಕೊಳ್ಳಬಹುದಲ್ಲ, ಅದಕ್ಕೆ. ಹನ್ನೆರಡು ಚೀಟಿ ಒಂದು ಡಬ್ಬಕ್ಕೆ ಬಿದ್ದವು. ಜೋರಾಗಿ ಓದುವ ಕೆಲಸ ನನಗೆ ಬಂತು, ನಿಜವಾದ ಡೆತ್ ಸರ್ಟಿಫಿಕೇಟ್ ನೋಡಿದವಳು ನಾನೊಬ್ಬಳೇ ಅಂತ.

ಒಂದರಲ್ಲಿ ಅನುಮತಿ ಸಿಗಲಿಲ್ಲ. ಇನ್ನೊಂದರಲ್ಲಿ ಸ್ಥಾಪಕರು ಜಗಳವಾಡಿಕೊಂಡರು. ಏಳನೆಯ ಚೀಟಿ ಬಿಡಿಸಿದೆ. ಕೊನೆಯಲ್ಲಿ ಕೆಂಪು ಚೌಕ ಕಂಡಿತು, ಅವನದೇ. ಮನಸ್ಸಿನಲ್ಲೇ ಓದಿಕೊಂಡೆ.

ಮಡಿಸಿ ಇಟ್ಟುಬಿಡಬಹುದಿತ್ತು, ದೊಡ್ಡತನ ಇದ್ದವರು ಹಾಗೆ ಮಾಡುತ್ತಾರೆ. ನನಗೆ ಅಷ್ಟು ದೊಡ್ಡತನ ಇರಲಿಲ್ಲ. ಎಲ್ಲರ ಮುಂದೆ ಅವನ ಮಾನ ಹೋಗಲಿ ಅಂತಲೇ ಗಂಟಲು ಸರಿಮಾಡಿಕೊಂಡು ಓದಿದೆ.

“ಸ್ಥಾಪಕರಲ್ಲಿ ಒಬ್ಬನಿಗೆ ಇನ್ನೊಬ್ಬಳ ಮೇಲೆ ಪ್ರೀತಿ ಆಗಿತ್ತು. ಅವಳು ತಪ್ಪು ಹೇಳಿದಾಗ ಅವನು ತಲೆಯಾಡಿಸಿದ. ಆ ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂತಿತು. ಸಂಸ್ಥೆ ಅದರಿಂದಲೇ ಸತ್ತಿತು. ನಂಬಿಕೆ, ನೂರಕ್ಕೆ...” ಅಲ್ಲಿ ನಿಲ್ಲಿಸಿದೆ. ವಕೀಲೆಯ ಕಡೆ ನೋಡಿದೆ. “ನೂರಕ್ಕೆ ನೂರು. ಯಾರೋ ನೂರು ಅಂದಿದ್ದಾರೆ. ಯಾರೋ ಲೋಟ ತೊಳೀಬೇಕಲ್ಲ, ದೊಡ್ಡಮ್ಮ?”

ಮೇಷ್ಟ್ರು ಎದ್ದ. ಕಿವಿ ಕೆಂಪಾಗಿತ್ತು. ತೋಳಿನ ಎರಡು ಮಡಿಕೆಯನ್ನು ಮೂರು ಮಾಡಿದ, ಟ್ರೇ ಎತ್ತಿಕೊಂಡ, ಒಂದೊಂದೇ ಮೇಜಿಗೆ ಹೋಗಿ ಲೋಟ ಕೂಡಿಸಿದ. ನನ್ನ ಮೇಜಿಗೂ ಬಂದ. ನನ್ನ ಕಡೆ ನೋಡಲಿಲ್ಲ. ಪಕ್ಕದ ಸಣ್ಣ ಅಡುಗೆಕೋಣೆಗೆ ನಡೆದ. ನಲ್ಲಿ ಬಿಟ್ಟ ಸದ್ದು ಕೇಳಿತು.

ನನಗೆ ಗೆದ್ದ ಖುಷಿ ಆಗಬೇಕಿತ್ತು. ಅಳು ಬಂತು.

ದೊಡ್ಡಮ್ಮ ಐದು ನಿಮಿಷ ಬಿಡುವು ಅಂದರು. ವಕೀಲೆ ನೇರವಾಗಿ ನನ್ನ ಮೇಜಿಗೆ ಬಂದು, ಕೈಗೆ ಒಂದು ಒಣ ಬಟ್ಟೆ ತುರುಕಿದಳು.

“ಹೋಗು. ಒರೆಸಿಕೊಡು.”

“ನಾನ್ಯಾಕೆ? ನಿನಗೆ ಬರೆದದ್ದು, ನೀನು ಹೋಗು.”

“ನನಗಾ?” ಅವಳು ಹಣೆ ಚಚ್ಚಿಕೊಂಡಳು. “ಅಯ್ಯೋ ಹುಚ್ಚಿ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ನರ್ಸಿಗೆ ನಾನು ಹೇಳಿಕೊಡಬೇಕಾ? ಮೂರು ವಾರದಿಂದ ನನ್ನ ಮೇಜಲ್ಲಿ ಕೂತು ನನ್ನ ಪ್ರತಿಯೊಂದು ಅಂಕಿನೂ ಕೊಚ್ಚಿ ಹಾಕಿದ್ದಾನೆ. ನನ್ನ ವಿಷಯದಲ್ಲಿ ಒಂದು ಸಲನೂ ತಲೆಯಾಡಿಸಿಲ್ಲ. ಯಾರಿಗೆ ತಲೆಯಾಡಿಸಿದ, ನೀನೇ ಯೋಚಿಸು.”

“ಸಕ್ಕರೆ ಹಾಕ್ತಾನಲ್ಲ ನಿನಗೆ?”

“ಎಲ್ಲರಿಗೂ ಹಾಕ್ತಾನೆ, ಕಣೇ. ನೀನು ಸಕ್ಕರೆ ಬಿಟ್ಟಿದ್ದೀಯ ಅಂತ ನಿನಗೊಬ್ಬಳಿಗೆ ಹಾಕಲ್ಲ.” ನನ್ನ ಪಕ್ಕದಲ್ಲಿ ಕೂತು, ಕೋರ್ಟಿನ ದನಿ ತೆಗೆದಳು. “ಸರಿ, ಕೊನೆಯ ಸಾಕ್ಷಿ. ನಿನ್ನನ್ನ ಇಲ್ಲಿ ಎಲ್ಲರೂ ಏನಂತೀವಿ?”

“ಸಿಸ್ಟರ್.”

“ಒಂಬತ್ತು ವಾರದಲ್ಲಿ ಅವನು ಒಂದೇ ಒಂದು ಸಲ ಸಿಸ್ಟರ್ ಅಂದಿದ್ದಾನಾ?”

ನಾನು ಎದ್ದೆ.

ಅಡುಗೆಕೋಣೆಯಲ್ಲಿ ಅವನು ಬೆನ್ನು ತಿರುಗಿಸಿಕೊಂಡು ನಿಂತಿದ್ದ. ಆರು ಲೋಟ ತೊಳೆದಾಗಿತ್ತು. ನಾನು ಪಕ್ಕಕ್ಕೆ ಹೋಗಿ ಒಂದನ್ನು ಎತ್ತಿ ಒರೆಸತೊಡಗಿದೆ.

“ಇಪ್ಪತ್ತೇಳು” ಅಂದ ಅವನು, ನಲ್ಲಿಯನ್ನು ನೋಡುತ್ತಾ.

“ಏನು?”

“ಫ್ಯಾಕ್ಟರೀಲಿ. ಕನ್ನಡಕ ಮೂಗಿನ ಮೇಲೆ ಇದ್ದದ್ದು ಇಪ್ಪತ್ತೇಳು ಜನಕ್ಕೆ. ಇನ್ನು ಹದಿನೈದು ಜನ ದಾರ ಕಟ್ಟಿ ಕೊರಳಿಗೆ ನೇತು ಹಾಕ್ಕೊಂಡಿದ್ರು. ನೀವು ಅದನ್ನೂ ಸೇರಿಸಿ ನಲವತ್ತೆರಡು ಅಂದ್ರಿ. ನಾನೂ ಎಣಿಸಿದ್ದೆ, ನನಗೆ ಗೊತ್ತಿತ್ತು.” ಲೋಟವನ್ನು ಬೇಕಾದದ್ದಕ್ಕಿಂತ ಹೆಚ್ಚು ಉಜ್ಜುತ್ತಿದ್ದ. “ಹದಿನಾಲ್ಕು ವರ್ಷದಲ್ಲಿ ಒಂದು ತಪ್ಪು ಉತ್ತರಕ್ಕೂ ಸರಿ ಗುರುತು ಹಾಕಿದವನಲ್ಲ ನಾನು. ಅವತ್ತು ನಿಮ್ಮ ಮುಖ ನೋಡಿ ಹಾಕಿಬಿಟ್ಟೆ. ಮನೆಗೆ ಹೋಗಿ ನಿದ್ದೆ ಬರಲಿಲ್ಲ.”

ಮೊದಲು ನನಗೆ ಸಿಟ್ಟೇ ಬಂತು. “ಹೇಳಬಾರದಿತ್ತಾ? ಹದಿನೈದು ಜನ ಯಾಕೆ ಹಾಕ್ಕೊಳ್ಳಲ್ಲ ಅಂತ ಗೊತ್ತಾಗ್ತಿತ್ತು! ವಯಸ್ಸಾದ ಹಾಗೆ ಕಾಣ್ತೀವಿ ಅಂತ ನಾಚಿಕೆಯೋ ಏನೋ! ನಮ್ಮಮ್ಮ ಕೂಡ ಮೊದಮೊದಲು...”

“ಅದಕ್ಕೇ ಹೇಳ್ತಿರೋದು. ನಿಮ್ಮ ಜೊತೆ ಜೋಡಿಯಾದ್ರೆ ಆ ಹದಿನೈದು ಜನಕ್ಕೆ ಮೋಸ ಆಗುತ್ತೆ. ನಿಮ್ಮಮ್ಮನಂಥವರಿಗೆ. ನಿಮಗೆ ತಪ್ಪು ಅಂತ ಮುಖಕ್ಕೆ ಹೇಳೋರು ಬೇಕು. ವಕೀಲರು ಹೇಳ್ತಾರೆ. ಅವರ ಪೇಂಟಿನ ಕೆಲಸ ಈ ಮೂರು ವಾರದಲ್ಲಿ ನನಗೂ ಹಿಡಿಸಿದೆ, ಅದನ್ನ ಬೇರೆ ಜೋಡಿ ಹುಡುಕ್ಕೊಂಡು ನಾನು ನೋಡ್ಕೋತೀನಿ, ಅವರು ನಿಮ್ಮ ಕಡೆ ಬರ್ಲಿ ಅಂತ ಅವರನ್ನೇ ಕೇಳ್ತಿದ್ದೆ. ಒಪ್ಪಿಸೋಕೆ ಮೂರು ವಾರ ಬೇಕಾಯ್ತು. ನಿನ್ನೆ ಒಪ್ಪಿದ್ರು.”

ಕೈಯಲ್ಲಿದ್ದ ಬಟ್ಟೆ ಒದ್ದೆಯಾಗಿತ್ತು. ನಾನು ಎಣಿಸಿಟ್ಟಿದ್ದ ಆ ನಗುಗಳೆಲ್ಲ ನನ್ನ ಕೆಲಸ ಉಳಿಸುವ ಚೌಕಾಸಿ ಅಂತ ಆಗಷ್ಟೇ ತಲೆಗೆ ಹೋಯಿತು. ನಾಚಿಕೆಯಾಯಿತು.

“ಅಂದ್ರೆ ನನ್ನ ಜೊತೆ ಬೇಡ ಅಂತೀರಾ, ಮೇಷ್ಟ್ರೇ?”

“ಸಂಸ್ಥೆ ಬೇಡ.” ಈಗ ತಿರುಗಿ ನೋಡಿದ. ಕನ್ನಡಕದ ಮೇಲೆ ಒಂದು ಹನಿ ನೀರು ಹಾರಿತ್ತು. “ಉಳಿದದ್ದೆಲ್ಲ ಬೇಕು, ಇವರೇ. ನೀವು ಒಪ್ಪಿದ್ರೆ.”

“ಒಪ್ತೀನಿ ಅಂತ ನಂಬಿಕೆ ಇತ್ತಾ?”

“ಹನ್ನೆರಡು.”

“ಹನ್ನೆರಡೇ?”

“ಮೂರು ವಾರದಿಂದ ನೀವು ನನ್ನ ನೋಡ್ತಿದ್ದ ರೀತಿಗೆ ಹನ್ನೆರಡೂ ಜಾಸ್ತಿ.”

ನನಗೆ ನಗು ತಡೆಯಲಾಗಲಿಲ್ಲ. ಅವನ ಮೂಗಿನ ಮೇಲಿಂದ ಕನ್ನಡಕ ತೆಗೆದು, ನನ್ನ ಸೆರಗಿನ ಒಣ ತುದಿಯಲ್ಲಿ ಒರೆಸಿ, ಮತ್ತೆ ಹಾಕಿದೆ. ಮೂಗಿನ ಮೇಲೆ ಸರಿಯಾಗಿ ಕೂರಿಸಿದೆ. ಅವನು ಉಸಿರು ಹಿಡಿದು ನಿಂತಿದ್ದ.

“ನೂರು” ಅಂದೆ.

“ಯೋಚಿಸಿ ಹೇಳಿ. ತೊಂಬತ್ತೈದು ಅನ್ನಬಹುದು.”

“ನೂರು ಅಂದ್ನಲ್ಲ.”

“ಹಾಗಾದ್ರೆ ಆ ಬಟ್ಟೆ ಇಲ್ಲಿ ಕೊಡಿ.” ಅವನ ಮುಖ ಅರಳಿ ಅಗಲವಾಗಿತ್ತು, ಆದರೂ ದನಿ ಮಾತ್ರ ಕ್ಲಾಸಿನದೇ. “ನಿಯಮ ಅಂದ್ರೆ ನಿಯಮ. ಉಳಿದ ಲೋಟ ನಿಮ್ಮವು.”

ಬಟ್ಟೆ ಕೊಟ್ಟೆ. ಆದರೂ ಅಷ್ಟು ಹೊತ್ತು ತೊಳೆದ ರೂಢಿಗೆ, ತೊಟ್ಟಿಯಲ್ಲಿದ್ದ ಮುಂದಿನ ಲೋಟಕ್ಕೆ ಅವನೇ ಕೈ ಹಾಕಿದ. ಅಂಚಿನಲ್ಲಿ ವಕೀಲೆಯ ಲಿಪ್‌ಸ್ಟಿಕ್ಕಿನ ಗುರುತಿತ್ತು, ತಳದಲ್ಲಿ ಕರಗದ ಸಕ್ಕರೆ. ಅವನು ಆ ಗುರುತನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜತೊಡಗಿದ.

ವಕೀಲೆ ನನ್ನ ಸಂಸ್ಥೆಯನ್ನೂ ನನ್ನ ಮಾನವನ್ನೂ ಒಂದೇ ದಿನ ಉಳಿಸಿದವಳು. ನಾಳೆಯಿಂದ ನನ್ನ ಜೊತೆಗಾತಿ. ಅವಳ ಋಣ ನಾನು ಏಳು ಜನ್ಮಕ್ಕೂ ತೀರಿಸಲಾರೆ.

“ಆ ಲೋಟ ಇಲ್ಲಿ ಕೊಡಿ” ಅಂದೆ. “ಅದನ್ನ ನಾನೇ ತೊಳೀತೀನಿ.”